ಒಬ್ಬರ ಕೈಯಲ್ಲಿ ಆಗದ ಅಡುಗೆ

ಈ ವರ್ಷ, ಅಂದರೆ 2026ರಲ್ಲಿ, ಚೈತ್ರದ ಹುಣ್ಣಿಮೆ ಏಪ್ರಿಲ್ 1ರ ರಾತ್ರಿ ಬಂತು. ಉತ್ತರ ಕನ್ನಡದ ನಮ್ಮ ಮಾಗೋಡಿನ ಕಡೆ ಅವತ್ತು ದೊಡ್ಡ ಹಬ್ಬವೇನೂ ಇರುವುದಿಲ್ಲ. ಯುಗಾದಿ ಮಾರ್ಚ್ 19ಕ್ಕೇ ಮುಗಿದಿತ್ತು. ಅಡಿಕೆ ಕೊಯ್ಲು, ಸುಲಿತ ಎಲ್ಲ ಆಗಿ ಅಂಗಳ ತೆರವಾದ ಮೇಲೆ ಹಪ್ಪಳ, ಸಂಡಿಗೆ ಒಣಗಿಸುವ ದಿನಗಳವು. ಅದೇ ರಾತ್ರಿ ಜಗತ್ತಿನ ಉದ್ದಗಲಕ್ಕೂ ಯಹೂದಿಗಳು ಪೆಸಹ್ ಹಬ್ಬದ ಊಟಕ್ಕೆ ಕೂತಿದ್ದರು. ಇಂಗ್ಲಿಷಿನವರು ಪಾಸೋವರ್ ಎನ್ನುವುದು ಇದನ್ನೇ. ಮುಂದಿನ ಭಾನುವಾರ, ಏಪ್ರಿಲ್ 5ಕ್ಕೆ ಈಸ್ಟರ್. ನಮ್ಮ ಕಡೆಯ ಕ್ರೈಸ್ತರ ಬಾಯಲ್ಲಿ ಅದು ಪಾಸ್ಕ ಹಬ್ಬ. ಅಮಾವಾಸ್ಯೆಯ ಮಗ್ಗುಲಲ್ಲಿ ನಮ್ಮದು, ಹುಣ್ಣಿಮೆಗೆ ಅವರದು, ಹುಣ್ಣಿಮೆ ಕಳೆದ ಭಾನುವಾರ ಇವರದು. ಒಂದೇ ಚಂದ್ರನನ್ನು ನಂಬಿ ಮೂರು ಅಡುಗೆಮನೆಗಳು ನಡೆಯುತ್ತಿವೆ.

ಪ್ರತಿವರ್ಷ ಹೀಗೆ ಸಾಲಾಗಿ ಬರುತ್ತದೆಂದಲ್ಲ. 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಬಂದು ಹೋಯಿತು, ಆಮೇಲೆ ಏಪ್ರಿಲ್ 9ಕ್ಕೆ ಯುಗಾದಿ, 22ರ ಸಂಜೆಗೆ ಪೆಸಹ್. ಚಂದ್ರನ ಹನ್ನೆರಡು ತಿಂಗಳಿಗೆ 354 ದಿನ, ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಈ ಕೊರತೆ ತುಂಬಲು ನಾವು ಮೂವತ್ತೆರಡು ಮೂವತ್ಮೂರು ತಿಂಗಳಿಗೊಂದು ಅಧಿಕ ಮಾಸ ಸೇರಿಸುತ್ತೇವೆ. ಯಹೂದಿಗಳು ಹತ್ತೊಂಬತ್ತು ವರ್ಷದಲ್ಲಿ ಏಳು ಸಲ ಒಂದು ತಿಂಗಳು ಹೆಚ್ಚು ಹಾಕುತ್ತಾರೆ. ಕ್ರೈಸ್ತರು ಮಾರ್ಚ್ 21ರಿಂದ ಮುಂದಿನ ಹುಣ್ಣಿಮೆ ಹಿಡಿದು, ಅದರ ಮುಂದಿನ ಭಾನುವಾರ ನೋಡುತ್ತಾರೆ. ಮೂವರ ಲೆಕ್ಕ ಬೇರೆಯಾದರೂ ಕಾಳಜಿ ಒಂದೇ: ಹಬ್ಬ ಋತು ಬಿಟ್ಟು ಜಾರಬಾರದು. ಪೆಸಹ್ ಬರುವ ಹೊತ್ತಿಗೆ ಅವರ ನಾಡಿನಲ್ಲಿ ಜವೆಗೋಧಿ ಕೊಯ್ಲಿಗೆ ಬಂದಿರಬೇಕು. ನಮಗೂ ಅಷ್ಟೇ. ಬೇವಿನ ಹೂವಿಲ್ಲದ ಯುಗಾದಿಯನ್ನು, ಹೊಲದ ಕೆಲಸದಿಂದ ಬಿಡುವಿಲ್ಲದ ಚೌತಿಯನ್ನು ಯಾರು ಮಾಡಿಯಾರು?

ಕಹಿಯಿಂದಲೇ ಶುರುಮಾಡೋಣ. ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ನಾಲಿಗೆಗೆ ಬೀಳದೆ ಬೇರೇನೂ ತಿನ್ನುವ ಹಾಗಿಲ್ಲ. ನಮ್ಮ ಅತ್ತೆ ಬೆಲ್ಲ ಮುಂದು ಮಾಡಿ ಬೇವು ಅಡಗಿಸುವವರಲ್ಲ. ಹೂವಿನ ಜೊತೆ ಒಂದೆರಡು ಎಲೆಯನ್ನೂ ಇಟ್ಟೇ ಕೊಡುತ್ತಿದ್ದರು. ಮೊಮ್ಮಗ ಅಳುಮೋರೆ ಮಾಡಿದರೆ, “ತಮಾ, ಮೋರೆ ಸೊಟ್ಟ ಮಾಡಡ, ಅಗಿದು ನುಂಗು” ಎನ್ನುವರು. ಅಗಿಯಬೇಕು ಎನ್ನುವುದೇ ಮುಖ್ಯ. ಪೆಸಹ್ ಊಟದಲ್ಲಿಯೂ ಕಹಿಸೊಪ್ಪನ್ನು ಎಲ್ಲರೂ ಅಗಿದೇ ತಿನ್ನಬೇಕು. ಈಜಿಪ್ಟಿನಲ್ಲಿ ಜೀತಕ್ಕಿದ್ದ ಹಿರಿಯರ ಕಷ್ಟವನ್ನು ಕೇಳಿದರೆ ಸಾಲದು, ಬಾಯಲ್ಲಿ ಕಾಣಬೇಕು. ಆ ಕಹಿಯನ್ನು ಹಣ್ಣು, ಬಾದಾಮಿ, ಖರ್ಜೂರ ಹೀಗೆ ಊರಿಗೊಂದು ಬಗೆಯಾಗಿ ಅರೆದ ಸಿಹಿಯಲ್ಲಿ ಅದ್ದುತ್ತಾರೆ. ಕೇರಳದ ಸಿರಿಯನ್ ಕ್ರೈಸ್ತರ ಚರ್ಚುಗಳಲ್ಲಿ ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ಒಂದು ಗುಟುಕು ಕಹಿನೀರು ಕೊಡುತ್ತಾರೆ. ವರ್ಷದ ಅದೇ ಕಾಲದಲ್ಲಿ ಇಷ್ಟು ಜನ ಬೇಕೆಂದೇ ಕಹಿ ತಿನ್ನುತ್ತಾರೆಂದು ತಿಳಿದ ಮೇಲೆ ನನಗೆ ಬೇವಿನ ಎಲೆಯ ಮೇಲೆ ಗೌರವ ಹೆಚ್ಚಾಯಿತು.

ಹುಳಿಯ ಸಂಗತಿ ಇನ್ನೂ ಹತ್ತಿರದ್ದು. ಮುಂಬೈಯ ದಕ್ಷಿಣಕ್ಕೆ ಕೊಂಕಣ ಕರಾವಳಿಯಲ್ಲಿ, ಅಲಿಬಾಗಿನ ಸುತ್ತ, ಬೆನೆ ಇಸ್ರೇಲ್ ಎಂಬ ಯಹೂದಿಗಳು ಶತಮಾನಗಳಿಂದ ಇದ್ದಾರೆ. ಎಣ್ಣೆ ಗಾಣ ಅವರ ಕಸುಬಾಗಿತ್ತು. ಮನೆಮಾತು ಮರಾಠಿ. ಹೊರಗಿನ ಯಹೂದಿಗಳ ಒಡನಾಟ ಕಡಿದುಹೋಗಿದ್ದ ಕಾಲದಲ್ಲಿ ಅವರು ಪೆಸಹ್ ಹಬ್ಬವನ್ನು ಕರೆಯುತ್ತಿದ್ದುದು ‘ಹುಳಿ ಭರಣಿ ಮುಚ್ಚುವ ಹಬ್ಬ’ ಎಂಬ ಅರ್ಥದ ಮರಾಠಿ ಹೆಸರಿನಿಂದ. ಹಬ್ಬದ ಅಷ್ಟೂ ದಿನ ಹುದುಗಿದ್ದು, ಹುಳಿ ಬಂದದ್ದು ಏನೂ ಕೂಡದು. ಹಾಗಾಗಿ ಅಡುಗೆಮನೆಯ ಹುಳಿನೀರಿನ ಪಾತ್ರೆಗೆ ಮುಚ್ಚಳ ಬೀಳುತ್ತಿತ್ತು. ಗ್ರಂಥ ಮರೆತಿತ್ತು, ಭಾಷೆ ಮರೆತಿತ್ತು, ಹೆಸರೂ ಮರೆತಿತ್ತು. ಮುಚ್ಚಳ ಮಾತ್ರ ಮರೆತಿರಲಿಲ್ಲ! ಅಡುಗೆಮನೆಯ ಹೆಂಗಸರ ಕೈಯಲ್ಲಿ ಒಂದು ಧರ್ಮ ಹೇಗೆ ಉಳಿದು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಅವರು ಭರಣಿ ಮುಚ್ಚುವ ಹೊತ್ತಿಗೆ ನಾವು ಭರಣಿ ತುಂಬುತ್ತಿರುತ್ತೇವೆ. ಫೆಬ್ರವರಿಯಿಂದ ಏಪ್ರಿಲ್ ತನಕ ಉಪ್ಪಿನಕಾಯಿಯ ಎಳೆಮಾವು, ಅಪ್ಪೆಮಿಡಿಯ ಕಾಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಆ ದಿನಗಳ ಮಾತೆಲ್ಲ ಮಿಡಿಯದೇ. ಯಾವ ಮರ ಈ ವರ್ಷ ಬಿಟ್ಟಿದೆ, ಯಾವುದು ಮಂಜಿಗೆ ಹೂ ಉದುರಿಸಿಕೊಂಡಿದೆ, ಕೊಯ್ಯಲು ಯಾರು ಸಿಗುತ್ತಾರೆ. ಈ ಮರಗಳು ನದಿಕಣಿವೆಯ ಮಕ್ಕಳು. ಅಘನಾಶಿನಿ, ಬೇಡ್ತಿ, ಕಾಳಿ, ಶರಾವತಿಯ ದಂಡೆಗಳಲ್ಲಿ ತಾವಾಗಿ ಬೆಳೆದವು. ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಅದಕ್ಕೆ ತಕ್ಕ ಹೆಸರು. ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಜೀರಿಗೆ ಕಂಪಿನ ಜೀರಿಗೆ ಮಿಡಿ. ಸೊನೆ ಸೋರದಂತೆ ತೊಟ್ಟು ಸಮೇತ ಕೊಯ್ದು, ನೆಲಕ್ಕೆ ಬೀಳಿಸದೆ ಹಗ್ಗದಲ್ಲಿ ಬುಟ್ಟಿ ಇಳಿಸಬೇಕು. ಪೆಟ್ಟು ಬಿದ್ದ ಒಂದೇ ಮಿಡಿ ಇಡೀ ಭರಣಿ ಕೆಡಿಸೀತು. ಹರಳುಪ್ಪು ಹಾಕಿಟ್ಟರೆ ಮಿಡಿ ತನ್ನ ನೀರು ತಾನೇ ಬಿಟ್ಟು ಚಿರುಟುತ್ತದೆ. ಚಿರುಟಿದ ಮೇಲೆ ಅದೇ ಉಪ್ಪುನೀರಿನಲ್ಲಿ ಮೆಣಸು, ಸಾಸಿವೆ ಅರೆದು ಕಲೆಸುವುದು. ಒದ್ದೆ ಕೈ, ಒದ್ದೆ ಸೌಟು ಹತ್ತಿರ ಸುಳಿಯಬಾರದು. ಅಪ್ಪೆಮಿಡಿಗೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ. ಸಂತೋಷವೇ.

ಬೇಡ್ತಿಯ ಹೆಸರು ಬಂದ ಮೇಲೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮಾಗೋಡಿನ ಜಲಪಾತ ನೋಡಲು ಬರುವವರು ಬೇಡ್ತಿ ಎರಡು ಹಂತದಲ್ಲಿ ಇನ್ನೂರು ಮೀಟರಿನಷ್ಟು ಕೆಳಕ್ಕೆ ಧುಮುಕುವುದನ್ನು ಕಂಡು, ಜೇನುಕಲ್ಲು ಗುಡ್ಡದಲ್ಲಿ ಸೂರ್ಯಾಸ್ತ ನೋಡಿ ಹೊರಡುತ್ತಾರೆ. ಈ ಹೊಳೆಗೆ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ತೋಟಿಗರೆಲ್ಲ ಎದ್ದು ನಿಂತಿದ್ದರು. 1981ರಲ್ಲಿ ಶಿರಸಿಯಲ್ಲಿ ವಿಜ್ಞಾನಿಗಳನ್ನೂ ರೈತರನ್ನೂ ಕೂರಿಸಿ ವಿಚಾರ ಸಂಕಿರಣ ನಡೆಸಿ, ಮುಳುಗುವುದರ ಬೆಲೆಯನ್ನು ಲೆಕ್ಕ ಹಾಕಿ ತೋರಿಸಿದರು. ಯೋಜನೆ ನಿಂತಿತು. ಅಡಿಕೆ, ಏಲಕ್ಕಿ, ಕಾಳುಮೆಣಸಿನ ಲೆಕ್ಕವನ್ನು ಹಾಕಬಹುದು. ಹೊಳೆದಂಡೆಯ ಒಂದು ಅಪ್ಪೆಮರ ಮುಳುಗಿದರೆ ಎಷ್ಟು ಮನೆಗಳ ಹಬ್ಬದೂಟದ ಬಾಳೆಲೆಯ ತುದಿ ಬರಿದಾಗುತ್ತದೆ ಎಂಬುದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಈಗ ನದಿ ತಿರುವಿನ ಮಾತು ಮತ್ತೆ ಎದ್ದಿದೆ. ನನ್ನ ಅಭಿಪ್ರಾಯ ಸ್ಪಷ್ಟ: ಆ ಹೊಳೆಯನ್ನು ಅದರ ಪಾಡಿಗೆ ಬಿಡಬೇಕು.

ಮತ್ತೆ ಅಡುಗೆಮನೆಗೆ ಬರೋಣ. ಪೆಸಹ್ ಹಬ್ಬದ ತಯಾರಿ ಕೇಳಿದರೆ ನಮ್ಮ ಮಡಿಯ ಅಜ್ಜಿಯರೂ ಬೆರಗಾಗುತ್ತಿದ್ದರು. ಕೊಚ್ಚಿಯ ಯಹೂದಿ ಮನೆಗಳಲ್ಲಿ ತಿಂಗಳುಗಟ್ಟಲೆ ಮುಂಚಿನಿಂದ ಸುಣ್ಣಬಣ್ಣ, ಬಾವಿಯ ನೀರು ಖಾಲಿಮಾಡಿ ತಿಕ್ಕುವುದು, ಹಬ್ಬದ ಅಕ್ಕಿಯನ್ನು ಒಂದೊಂದೇ ಕಾಳು ನೋಡಿ ಆರಿಸುವುದು ನಡೆಯುತ್ತಿತ್ತು. ಹುಳಿಯಿಲ್ಲದ ರೊಟ್ಟಿಗೆ ಹಿಟ್ಟಿನ ಮೇಲೆ ನೀರು ಬಿದ್ದ ಹದಿನೆಂಟು ನಿಮಿಷದೊಳಗೆ ಬೆಂದು ಮುಗಿಯಬೇಕೆಂಬ ನಿಯಮ. ಈಜಿಪ್ಟಿನಿಂದ ಓಡಿಬಂದ ರಾತ್ರಿ ಹಿಟ್ಟು ಉಬ್ಬುವಷ್ಟು ಪುರಸೊತ್ತು ಇರಲಿಲ್ಲವಲ್ಲ, ಆ ಅವಸರವನ್ನು ಇಂದಿಗೂ ಒಲೆಯ ಮುಂದೆ ಕಾಪಾಡಿದ್ದಾರೆ. ಹದಿನೆಂಟು ನಿಮಿಷದಲ್ಲಿ ಒಬ್ಬಳೇ ಕಲೆಸಿ, ಲಟ್ಟಿಸಿ, ಚುಚ್ಚಿ, ಬೇಯಿಸುವುದು ಸಾಧ್ಯವೇ? ಒಬ್ಬರು ನೀರು ಹಾಕುವವರು, ಒಬ್ಬರು ನಾದುವವರು, ನಾಲ್ಕು ಜನ ಲಟ್ಟಿಸುವವರು, ಒಲೆಯ ಬಳಿ ಮತ್ತೊಬ್ಬರು. ನಿಯಮವೇ ನಾಲ್ಕು ಕೈ ಸೇರಿಸುತ್ತದೆ.

ಇದನ್ನು ಹಿಡಿದು ಬೈಬಲಿನ ವಿಮೋಚನಾಕಾಂಡದ ಹನ್ನೆರಡನೇ ಅಧ್ಯಾಯ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮೊದಲ ಪೆಸಹ್ ರಾತ್ರಿಗೆ ಮನೆಗೊಂದು ಕುರಿಮರಿ. ಮನೆ ಚಿಕ್ಕದಾಗಿ, ಇಡೀ ಮರಿ ತಿಂದು ತೀರಿಸಲಾಗದಿದ್ದರೆ ಪಕ್ಕದ ಮನೆಯವರನ್ನು ಸೇರಿಸಿಕೊಳ್ಳಬೇಕು. ಬೆಳಗಿನ ತನಕ ಏನನ್ನೂ ಉಳಿಸಕೂಡದು. ಈ ಎರಡು ನಿಯಮ ಜೊತೆಗಿಟ್ಟು ನೋಡಿ. ಉಳಿಸುವ ಹಾಗಿಲ್ಲ ಎಂದಮೇಲೆ ಕರೆಯಲೇಬೇಕು. ನೆರೆಯವರನ್ನು ಕರೆಯುವುದು ಅಲ್ಲಿ ಔದಾರ್ಯದ ಮಾತಲ್ಲ, ಅಡುಗೆಯ ಅಳತೆಯೊಳಗೇ ಸೇರಿದ್ದು. ನಾನು ಮಾಂಸ ತಿನ್ನುವವಳಲ್ಲ, ಆದರೆ ಈ ಅಳತೆ ನನಗೆ ಗೊತ್ತು. ನಮ್ಮ ಕಡೆ ಅದಕ್ಕೆ ಚಕ್ಕುಲಿ ಕಂಬಳ ಎನ್ನುತ್ತಾರೆ.

ಕರಾವಳಿಯವರು ಕಂಬಳವೆಂದರೆ ಕೋಣ ಓಡಿಸುವುದು ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಚೌತಿಯ ಮುಂಚಿನ ದಿನಗಳಲ್ಲಿ ಊರವರು ಸೇರಿ, ಇವತ್ತು ಒಬ್ಬರ ಮನೆ, ನಾಳೆ ಇನ್ನೊಬ್ಬರ ಮನೆಯೆಂದು ಸರದಿ ಹಿಡಿದು ಚಕ್ಕುಲಿ ಸುತ್ತಿಕೊಡುವುದು. ಹೊಲಕ್ಕೆ ಮುಯ್ಯಾಳು ಹೋದ ಹಾಗೇ ಹಬ್ಬಕ್ಕೂ ಮುಯ್ಯಿ. ಹಿಂದಿನ ಸಂಜೆ ಹುಡುಗರು ಬಂದು ಬಾಗಿಲಲ್ಲಿ ನಿಂತು, “ನಾಳೆ ಎಂಗಳ ಮನೇಲಿ ಚಕ್ಲಿ ಕಂಬ್ಳ, ಎಲ್ಲ ಬರವು” ಎಂದು ಹೇಳಿ ಹೋಗುತ್ತಾರೆ. ಅಕ್ಕಿ ತೊಳೆದು ನೆರಳಲ್ಲಿ ಆರಿಸಿ ನುಣ್ಣಗೆ ಬೀಸಿರಬೇಕು. ಉದ್ದು ಹುರಿದು ಬೀಸಿ ಅದಕ್ಕೆ ಸೇರಿಸಿ, ಬೆಣ್ಣೆ, ಉಪ್ಪು, ಎಳ್ಳು ಹಾಕಿ ನಾದಬೇಕು. ನಾದುವುದೇ ಅರ್ಧ ವಿದ್ಯೆ. ಬಿಗಿಯಾದರೆ ಎಳೆ ಕಡಿಯುತ್ತದೆ, ಸಡಿಲಾದರೆ ಸುತ್ತು ಕೂರುವುದಿಲ್ಲ.

ಒರಳು ಇಲ್ಲ, ಅಚ್ಚು ಇಲ್ಲ. ಹಿಟ್ಟಿನುಂಡೆ ಕೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಎಳೆ ತೆಗೆಯುತ್ತ, ತೆಗೆಯುತ್ತಲೇ ಹುರಿ ಹಾಕುತ್ತ, ನಡುವಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವುದು. ಎಳೆ ಎಲ್ಲೂ ದಪ್ಪ ಸಣ್ಣ ಆಗಬಾರದು, ಹುರಿ ಬಿಚ್ಚಬಾರದು. ಸಿದ್ದಾಪುರದ ಕಡೆಯ ನನ್ನ ತವರಿನಲ್ಲಿ ಗಂಡಸರೇ ಇದರಲ್ಲಿ ಎತ್ತಿದ ಕೈ. ಮಳೆಗಾಲವಿಡೀ ತೋಟದಲ್ಲಿ ದುಡಿದು ಒರಟಾದ ಬೆರಳುಗಳು ಹಿಟ್ಟಿನ ಮೇಲೆ ಅಷ್ಟು ಮೆತ್ತಗೆ ಓಡುವುದನ್ನು ನೋಡುತ್ತಲೇ ಬೆಳೆದವಳು ನಾನು. ಮಾಗೋಡಿಗೆ ಸೊಸೆಯಾಗಿ ಬಂದ ವರ್ಷ ಇಲ್ಲಿಯ ಹೆಂಗಸರೂ ಸಮಸಮವಾಗಿ ಕೂತು ಸುತ್ತುವುದು ಕಂಡು ಖುಷಿಯಾಯಿತು. ಒಲೆಯ ಮುಂದಿನಿಂದ ಅತ್ತೆಯ ಕೂಗು: “ಎಣ್ಣೆ ಕಾಯ್ತನೆ ತಂಗಿ? ಒಂದು ಚೂರು ಹಿಟ್ಟು ಬಿಟ್ಟು ನೋಡು.” ತೆಂಗಿನೆಣ್ಣೆಯ ಘಮ ಜಗುಲಿ ದಾಟಿ ಕೊಟ್ಟಿಗೆ ತನಕ ಹೋಗುತ್ತಿತ್ತು. ನಡುನಡುವೆ ಅವಲಕ್ಕಿ, ಚಹ, ಕವಳದ ತಟ್ಟೆ. ಯಾರ ಸುತ್ತು ಹೆಚ್ಚು ಎಂಬ ಪಂಥ, ತಾಳಮದ್ದಲೆಯ ಮಾತು, ಅಡಿಕೆ ದರ, ಯಾರ ಮಗಳಿಗೆ ಎಲ್ಲಿಂದ ಜಾತಕ ಬಂತು. ವರ್ಷದಲ್ಲಿ ಒಮ್ಮೆಯೂ ಎದುರುಬದುರು ಕೂರದ ದಾಯಾದಿಗಳು ಒಂದೇ ಪರಾತದಿಂದ ಹಿಟ್ಟು ತೆಗೆಯುವುದನ್ನು ನಾನು ಕಂಡಿದ್ದೇನೆ. ಮಾತಾಡಿರಲಿಲ್ಲ, ಆದರೆ ಒಬ್ಬರ ಹಿಟ್ಟು ಒಣಗಿದಾಗ ಇನ್ನೊಬ್ಬರು ಒದ್ದೆಬಟ್ಟೆ ಸರಿಸಿ ಮುಚ್ಚಿದರು.

ಹಬ್ಬವಿಲ್ಲದ ಮನೆಯ ಸಂಗತಿಯೂ ಇಲ್ಲೇ ಬರಬೇಕು. ಸಾವಾದ ವರ್ಷ ನಮ್ಮಲ್ಲಿ ಹಬ್ಬ ಮಾಡುವುದಿಲ್ಲ. ಆ ಮನೆಯ ಮಕ್ಕಳ ಪಾಲಿನ ಕಜ್ಜಾಯವನ್ನು ನೆರೆಯವರು, ನೆಂಟರು ಕೊಟ್ಟು ಬರುತ್ತಾರೆ. ಕೇರಳದ ಅದೇ ಸಿರಿಯನ್, ಅಂದರೆ ನಸ್ರಾಣಿ, ಕ್ರೈಸ್ತರು ಪವಿತ್ರ ಗುರುವಾರದ ರಾತ್ರಿ ಹುಳಿ ಹಾಕದ ಪೆಸಹಾ ಅಪ್ಪ ಮಾಡಿ, ಮೇಲೆ ಗರಿಯ ಶಿಲುಬೆ ಇಟ್ಟು, ಮನೆಯ ಹಿರಿಯರು ಮುರಿದು ಹಂಚುತ್ತಾರೆ. ಅವರಲ್ಲಿಯೂ ಸಾವಾದ ಮನೆಯಲ್ಲಿ ಆ ವರ್ಷ ಅಪ್ಪ ಮಾಡುವುದಿಲ್ಲವಂತೆ, ನೆರೆಯವರೇ ತಂದುಕೊಡುತ್ತಾರಂತೆ. ಇದನ್ನು ಅಲ್ಲಿಂದ ಮಲೆನಾಡಿಗೆ ಬಂದು ನೆಲೆಸಿದ ಕುಟುಂಬದ ಗೆಳತಿಯಿಂದ ಕೇಳಿದಾಗ ನನಗೆ ಗಂಟಲು ಕಟ್ಟಿತು. ನನ್ನ ಅತ್ತೆ ತೀರಿಕೊಂಡ ವರ್ಷ ನಮ್ಮ ಮನೆಗೆ ಎಷ್ಟು ಬಾಳೆಲೆಯ ಪೊಟ್ಟಣಗಳು ಬಂದಿದ್ದವೆಂದರೆ, ಚೌತಿ ಮುಗಿದ ಮೇಲೂ ಚಕ್ಕುಲಿ ಡಬ್ಬಿ ತುಂಬಿಯೇ ಇತ್ತು.

ಆದರೆ ನೆರೆಮನೆ ಎಂದರೆ ಯಾರದು? ಪ್ರೀತಿಯಿಂದ ಬರೆಯುವಾಗಲೂ ಈ ಪ್ರಶ್ನೆ ತಪ್ಪಿಸಿಕೊಂಡು ಹೋಗಬಾರದು. ಮಾಗೋಡಿನ ಆಸುಪಾಸಿನ ಕಾಡಿನಲ್ಲಿ, ಯಲ್ಲಾಪುರ ಹಳಿಯಾಳದ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕದಿಂದ ಬಂದ ಹಿರಿಯರ ಸಂತಾನ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಪಾಸ್ಕ ಹಬ್ಬ ಅವರ ಕ್ರೈಸ್ತ ಮನೆಗಳಲ್ಲಿಯೂ ನಡೆಯುತ್ತದೆ. ನಮ್ಮ ತೋಟಗಳಲ್ಲಿ ದುಡಿದವರು ಇವರೇ. ಆದರೂ ಕಂಬಳದ ಹಿಟ್ಟಿನ ಸುತ್ತ ಅವರಿಗೆ ಮಣೆ ಇರಲಿಲ್ಲ. ಚಕ್ಕುಲಿ ಅವರಿಗೆ ಸಿಗುತ್ತಿದ್ದುದು ಜಗುಲಿಯ ಕೆಳಗೆ, ಮೇಲಿನಿಂದ ಬಿಟ್ಟು. ಕೈ ಸೇರದೆ ಆಗದ ಅಡುಗೆ ಎಂದು ಹೆಮ್ಮೆಯಿಂದ ಹೇಳುವ ನಾವು ಯಾವ ಕೈಗಳನ್ನು ಹೊರಗಿಟ್ಟೆವು ಎಂಬುದನ್ನೂ ಹೇಳಬೇಕು. ಹಾಗೆ ಹೇಳಿದರೆ ಕಂಬಳದ ಮರ್ಯಾದೆ ಕುಂದುತ್ತದೆಂದು ನನಗೆ ಅನ್ನಿಸುವುದಿಲ್ಲ.

ಈಗೊಂದಷ್ಟು ವರ್ಷಗಳಿಂದ ನಮ್ಮ ಮನೆಯ ಕಂಬಳವನ್ನು ಒಳಗಿನಿಂದ ಅಂಗಳಕ್ಕೆ ತಂದಿದ್ದೇನೆ. ಕೊಂಕಣಿ ಮಾತಾಡುವ ಕ್ರೈಸ್ತ ಟೀಚರೊಬ್ಬರು ಯಲ್ಲಾಪುರದಿಂದ ಬರುತ್ತಾರೆ. ಕ್ರಿಸ್ಮಸ್ಸಿಗೆ ಮನೆಮನೆಗೆ ಹಂಚುವ ಕುಸ್ವಾರಿನ ನೆವ್ರಿ ಕಟ್ಟಿ ಪಳಗಿದ ಬೆರಳು ಅವರದು, ಹುರಿ ಹಾಕುವುದು ಬೇಗ ಕೈಗೂಡಿತು. ತೋಟದ ಕೆಲಸಕ್ಕೆ ಬರುವ ಸಿದ್ದಿ ಮನೆಯ ತಾಯಿ ಮಗಳು ಬರುತ್ತಾರೆ. ಮಗಳು ಕಾಲೇಜಿನಲ್ಲಿ ಓದುವವಳು, ಅವಳ ಸುತ್ತು ನಮ್ಮ ಭಾವನವರಷ್ಟೇ ಸಪೂರ. ಮೊದಲ ವರ್ಷ ಇಬ್ಬರು ಹಿರಿಯರು ಚಹ ಕುಡಿದು ಎದ್ದು ಹೋದರು. ಮರುವರ್ಷ ಒಬ್ಬರು ಪೂರ್ತಿ ಕೂತರು. ಪಾಸ್ಕದ ಭಾನುವಾರ ಟೀಚರ ಮನೆಯಿಂದ ನಮಗಾಗಿ ಬೇರೆಯೇ ಪಾತ್ರೆಯಲ್ಲಿ ಮಾಡಿದ ಸಾನ್ನಾ ಬರುತ್ತದೆ. ಹತ್ತಿಯ ಹಾಗೆ ಉಬ್ಬಿದ್ದು. ಮುಂಚೆ ಕಳ್ಳು ಹಾಕಿ ಹುದುಗಿಸುತ್ತಿದ್ದರಂತೆ. ಪೆಸಹ್ ಮನೆಯಲ್ಲಿ ಹುದುಗು ಕೂಡದು, ಪಾಸ್ಕದ ಮನೆಯಲ್ಲಿ ಹುದುಗೇ ಹಬ್ಬ! ನಲವತ್ತು ದಿನ ತಪಸ್ಸುಕಾಲದ ವ್ರತ ಹಿಡಿದವರಿಗೆ ಆ ಉಬ್ಬಿದ ಅಕ್ಕಿಯ ರುಚಿ ಹೇಗಿರಬೇಡ. ಈಸ್ಟರಿನ ಮೊಟ್ಟೆಯ ಕತೆಯೂ ಇದೇ. ಹಿಂದೆ ವ್ರತದ ದಿನಗಳಲ್ಲಿ ಮೊಟ್ಟೆ ನಿಷಿದ್ಧ, ಕೋಳಿ ಇಡುವುದು ನಿಲ್ಲಿಸುತ್ತದೆಯೇ? ರಾಶಿ ಬಿದ್ದದ್ದೆಲ್ಲ ಹಬ್ಬದ ದಿನ ಹೊರಗೆ ಬರುತ್ತಿತ್ತು.

ಮೊದಲ ಪೆಸಹ್ ರಾತ್ರಿಯಲ್ಲಿ ಮನೆ ಚಿಕ್ಕದೆಂಬ ತೊಂದರೆ, ಈಗ ನಮ್ಮ ಕಡೆಯ ತೊಂದರೆ ಬೇರೆ. ಮನೆ ದೊಡ್ಡದು, ಜನ ಇಬ್ಬರು. ಮಕ್ಕಳು ಬೆಂಗಳೂರಿನಲ್ಲಿ. ಚೌತಿಗೆ ರಜೆ ಒಂದೇ ದಿನ, ಬಸ್ಸಿನ ಟಿಕೆಟ್ ಸಿಗುವುದಿಲ್ಲ. ಶಿರಸಿಯ ಅಂಗಡಿಗಳಲ್ಲಿ ಚಕ್ಕುಲಿ, ಅತ್ತಿರಸ, ತೊಡದೇವು ಎಲ್ಲ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ, ಚೆನ್ನಾಗಿಯೇ ಇರುತ್ತವೆ. ಬೋರಲು ಮಡಕೆಯ ಬೆನ್ನಿಗೆ ಕಬ್ಬಿನ ಹಾಲಲ್ಲಿ ಕಲೆಸಿದ ಅಕ್ಕಿಹಿಟ್ಟು ಸವರಿ, ಕಾಗದಕ್ಕಿಂತ ತೆಳುವಾಗಿ ಎಬ್ಬಿಸುವ ತೊಡದೇವಂತೂ ಎಲ್ಲರಿಗೂ ಬರುವ ವಿದ್ಯೆಯಲ್ಲ. ಅದನ್ನು ಮಾರಿ ನಾಲ್ಕು ಕಾಸು ಕಾಣುವ ಹೆಂಗಸರಿಗೆ ನನ್ನ ಪೂರ್ಣ ಬೆಂಬಲವಿದೆ. ಉಪ್ಪಿನಕಾಯಿಯನ್ನೂ ಕೊಳ್ಳಿ, ಹಪ್ಪಳವನ್ನೂ ಕೊಳ್ಳಿ. ಚಕ್ಕುಲಿ ಮಾತ್ರ ಬೇಡ ಎನ್ನುತ್ತೇನೆ. ರುಚಿಯ ಕಾರಣಕ್ಕಲ್ಲ. ಆ ಇಬ್ಬರೇ ಇರುವ ಮನೆಗೆ ಊರವರು ಹೋಗಲು ಇದ್ದ ಒಂದು ನೆಪ ಅಂಗಡಿಯ ಪ್ಯಾಕೆಟ್ಟಿನಿಂದ ತಪ್ಪಿಹೋಗುತ್ತದೆ. ಕಳೆದ ವರ್ಷ ನಮ್ಮ ಕೇರಿಯ ಒಂಟಿ ಅಜ್ಜಿಯೊಬ್ಬರು, “ಎಂಗೆ ಹಲ್ಲಿಲ್ಲೆ, ಚಕ್ಲಿ ಎಂತಕ್ಕೆ?” ಎಂದು ಕಂಬಳ ಬೇಡವೆಂದರು. ಹುಡುಗರು ಕೇಳಲಿಲ್ಲ. ಹಿಟ್ಟು ತಾವೇ ಹೊತ್ತುಕೊಂಡು ಹೋಗಿ ಅಜ್ಜಿಯ ಜಗುಲಿಯಲ್ಲಿ ಕೂತು ಸುತ್ತಿದರು. ಅಜ್ಜಿ ತಾವು ಒಂದು ತುಂಡೂ ತಿನ್ನಲಿಲ್ಲ, ಆದರೆ ಸಂಜೆಯ ತನಕ ಎಲ್ಲರ ಸುತ್ತಿಗೂ ಹುಳುಕು ತೆಗೆಯುತ್ತ, ಒಬ್ಬೊಬ್ಬರ ಅಜ್ಜಂದಿರ ಬೆರಳು ಹೇಗಿತ್ತೆಂದು ಹೇಳುತ್ತ ಕೂತಿದ್ದರು.

ಈ ಸಲ ಚೌತಿ ಸೆಪ್ಟೆಂಬರ್ 14, ಸೋಮವಾರ. ಶನಿವಾರ, ಭಾನುವಾರ ಸೇರಿ ಮೂರು ದಿನ ಸಿಗುತ್ತದೆ, ಬೆಂಗಳೂರಿನವರು ಈಗಲೇ ಟಿಕೆಟ್ ಮಾಡಿಸಿಕೊಳ್ಳಬಹುದು. ಮೊದಲ ಕಂಬಳ ಆ ಅಜ್ಜಿಯ ಮನೆಯಲ್ಲೇ ಎಂದು ನಿಶ್ಚಯವಾಗಿದೆ, ನಮ್ಮದು ಅದರ ಮರುದಿನ. ಅಕ್ಕಿ ನಮ್ಮದು, ಎಣ್ಣೆ ನಮ್ಮದು. ಬರುವವರು ಒಂದು ಒದ್ದೆಬಟ್ಟೆಗಾಗುವಷ್ಟು ಹಳೇ ಪಂಚೆಯ ತುಂಡು ತಂದರೆ ಸಾಕು, ಅದೊಂದು ಪ್ರತಿ ವರ್ಷ ಕಡಿಮೆ ಬೀಳುತ್ತದೆ.